ಮೊದಲು ಬಂದದ್ದು ಯಾವುದು? ನಿಕೋಟಿನ್, ಕೊಕೇನ್ ಮತ್ತು ಒಂದು ಜೀನ್

2011ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡವೊಂದು ಇಲಿಗಳ ಮೇಲೆ ಮಾಡಿದ ಪ್ರಯೋಗವನ್ನು ಪ್ರಕಟಿಸಿತು. ಕೇಳಲು ಸರಳವಾದ ಪ್ರಯೋಗ. ಕೆಲವು ಇಲಿಗಳಿಗೆ ಏಳು ದಿನ ಕುಡಿಯುವ ನೀರಿನಲ್ಲಿ, ತಂಬಾಕಿನಲ್ಲಿರುವ ನಿಕೋಟಿನ್ ಬೆರೆಸಿ ಕೊಟ್ಟರು. ಎಂಟನೇ ದಿನದಿಂದ ನಿಕೋಟಿನ್ ನೀರಿನ ಜೊತೆಗೇ ನಾಲ್ಕು ದಿನ ಕೊಕೇನ್ ಚುಚ್ಚುಮದ್ದು ಕೊಟ್ಟರು. ಇನ್ನೊಂದು ಗುಂಪಿಗೆ ಬರೀ ನೀರು, ಆಮೇಲೆ ಕೊಕೇನ್. ಮತ್ತೊಂದು ಗುಂಪಿಗೆ ಕ್ರಮ ಉಲ್ಟಾ: ಮೊದಲು ಕೊಕೇನ್, ಆಮೇಲೆ ನಿಕೋಟಿನ್.

ನಿಕೋಟಿನ್ ಮೊದಲು ಕುಡಿದ ಇಲಿಗಳು ಕೊಕೇನ್ ಸಿಕ್ಕಾಗ, ಬರೀ ಕೊಕೇನ್ ಪಡೆದ ಇಲಿಗಳಿಗಿಂತ ಸುಮಾರು ದುಪ್ಪಟ್ಟು ಓಡಾಡಿದವು. ಕೊಕೇನ್ ಸಿಕ್ಕ ಜಾಗವನ್ನು ಇನ್ನೂ ಗಟ್ಟಿಯಾಗಿ ಹಚ್ಚಿಕೊಂಡವು. ಕ್ರಮ ತಿರುಗಿಸಿದ ಗುಂಪಿನಲ್ಲಿ ಇದ್ಯಾವುದೂ ಕಾಣಲಿಲ್ಲ. ಎರಡೂ ಗುಂಪಿನ ಇಲಿಗಳ ಮೈಗೆ ಸೇರಿದ್ದು ಅವೇ ಎರಡು ವಸ್ತು. ಯಾವುದು ಮೊದಲು ಸೇರಿತು ಎನ್ನುವುದೊಂದೇ ಬೇರೆ.

ಚಟ ಅಂದಾಕ್ಷಣ ನಾವು ಮನಸ್ಸಿನ ಬಲ, ಸಹವಾಸ, ಮನೆಯ ವಾತಾವರಣದ ಮಾತಾಡುತ್ತೇವೆ. ಅವೆಲ್ಲ ನಿಜವೇ. ಆದರೆ ಮೆದುಳಿನ ಮಟ್ಟಿಗೆ ಚಟ ಒಂದು ಕಲಿಕೆ. ಎಲ್ಲಿ ಸಿಕ್ಕಿತು, ಯಾರ ಜೊತೆ ಸಿಕ್ಕಿತು, ಯಾವ ಹೊತ್ತಿನಲ್ಲಿ ಸಿಕ್ಕಿತು ಎಂಬುದರ ನೆನಪು ಅದು. ಆ ನೆನಪು ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು, ಕಲಿಯುವ ಹೊತ್ತಿಗೆ ಜೀವಕೋಶದೊಳಗೆ ಯಾವ ಜೀನ್‌ಗಳು ತೆರೆದಿದ್ದವು ಎಂಬುದನ್ನೂ ಅವಲಂಬಿಸಿದೆ. ಇಷ್ಟು ನೇರವಾಗಿ ಇದನ್ನು ತೋರಿಸಿದ ಪ್ರಯೋಗಗಳು ಹೆಚ್ಚಿಲ್ಲ.

ಗಂಡ ಹೆಂಡತಿ, ಎರಡು ಬೇರೆ ದಾರಿ

ಈ ಪ್ರಯೋಗದ ಹಿಂದೆ ಇಬ್ಬರ ಕೆಲಸ ಸೇರಿದೆ. ಡೆನಿಸ್ ಕ್ಯಾಂಡೆಲ್ ಸಮಾಜಶಾಸ್ತ್ರದ ಕಡೆಯಿಂದ ಬಂದವರು. 1975ರಲ್ಲಿ ಅವರು ನ್ಯೂಯಾರ್ಕ್ ರಾಜ್ಯದ ಹೈಸ್ಕೂಲ್ ಮಕ್ಕಳ ಮೇಲೆ ನಡೆಸಿದ ಅಧ್ಯಯನವೊಂದನ್ನು ಪ್ರಕಟಿಸಿದರು. ಮಾದಕ ವಸ್ತುಗಳಿಗೆ ಕೈ ಹಾಕುವ ಹುಡುಗ ಹುಡುಗಿಯರಲ್ಲಿ ಒಂದು ಕ್ರಮ ಕಾಣುತ್ತದೆ ಎಂದು ಅದರಲ್ಲಿ ತೋರಿಸಿದರು. ಮೊದಲು ಬಿಯರ್, ವೈನ್. ಆಮೇಲೆ ಸಿಗರೇಟು ಅಥವಾ ಗಟ್ಟಿ ಮದ್ಯ. ಆಮೇಲೆ ಗಾಂಜಾ. ಅದರ ನಂತರ ಕೊಕೇನ್‌ನಂಥವು. ಈ ಮೆಟ್ಟಿಲುಗಳನ್ನು ತಲೆಕೆಳಗಾಗಿ ಹತ್ತಿದವರು ಕಡಿಮೆ.

ಕ್ರಮ ಇದೆ ಅನ್ನೋದು ಸರಿ, ಯಾಕಿದೆ? ಸಿಗರೇಟು ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ, ಕೊಕೇನ್ ಸಿಗುವುದಿಲ್ಲ, ಅಷ್ಟೇ ಕಾರಣವಿರಬಹುದು. ಸಾಹಸದ ಸ್ವಭಾವದವರು ಎಲ್ಲವನ್ನೂ ಒಂದೊಂದಾಗಿ ಪ್ರಯತ್ನಿಸುತ್ತಾರೆ ಎಂದೂ ಇರಬಹುದು. ಅಥವಾ ಮೊದಲ ವಸ್ತು ಮೆದುಳನ್ನೇ ಬದಲಿಸಿ ಎರಡನೆಯದಕ್ಕೆ ಹದ ಮಾಡುತ್ತಿರಬಹುದು. ಸಮೀಕ್ಷೆಗಳಿಂದ ಇದನ್ನು ಬಿಡಿಸಲಾಗದು. ಮಕ್ಕಳನ್ನು ಎರಡು ಗುಂಪು ಮಾಡಿ ಒಂದಕ್ಕೆ ನಿಕೋಟಿನ್ ಕೊಟ್ಟು ನೋಡೋಣ ಎನ್ನಲು ಯಾರಿಗೂ ಹಕ್ಕಿಲ್ಲ.

ಅವರ ಗಂಡ ಎರಿಕ್ ಕ್ಯಾಂಡೆಲ್ ನೆನಪಿನ ರಸಾಯನವನ್ನು ಬೆನ್ನಟ್ಟಿದವರು. ಅಪ್ಲೀಸಿಯಾ ಎಂಬ ಸಮುದ್ರದ ಬಸವನಹುಳುವಿನ ಮೇಲೆ ದಶಕಗಟ್ಟಲೆ ಕೆಲಸ ಮಾಡಿ 2000ರಲ್ಲಿ ನೊಬೆಲ್ ಪಡೆದರು. ಅವರ ಜೊತೆ ಬಹುಮಾನ ಹಂಚಿಕೊಂಡವರಲ್ಲಿ ಮೆದುಳಿನ ಡೋಪಮಿನ್ ಎಂಬ ರಾಸಾಯನಿಕ ಸ್ವತಂತ್ರವಾದ ಸಂದೇಶವಾಹಕ ಎಂದು ತೋರಿಸಿದ ಸ್ವೀಡನ್‌ನ ಅರ್ವಿಡ್ ಕಾರ್ಲ್‌ಸನ್ ಕೂಡ ಒಬ್ಬರು. ಕ್ಯಾಂಡೆಲ್ ಕಂಡುಕೊಂಡ ಮುಖ್ಯ ವಿಷಯ ಇದು: ಸ್ವಲ್ಪ ಹೊತ್ತಿನ ನೆನಪಿಗೆ ಇರುವ ಪ್ರೋಟೀನುಗಳ ಬದಲಾವಣೆಯೇ ಸಾಕು. ದಿನಗಟ್ಟಲೆ ಉಳಿಯುವ ನೆನಪಿಗೆ ಹಾಗಾಗುವುದಿಲ್ಲ. ಸಂದೇಶ ನರಕೋಶದ ಕೇಂದ್ರದವರೆಗೆ ಹೋಗಬೇಕು. ಅಲ್ಲಿ ಕ್ರೆಬ್ ಎಂಬ ಪ್ರೋಟೀನು ಜೀನ್‌ಗಳನ್ನು ಎಬ್ಬಿಸಬೇಕು. ಹೊಸ ಪ್ರೋಟೀನು ತಯಾರಾಗಬೇಕು. ಹುಳುವಿನಲ್ಲಿ ಕಂಡದ್ದು ಇಲಿಯಲ್ಲೂ ಕಂಡಿತು.

ಹೆಂಡತಿಯ ಪ್ರಶ್ನೆಗೆ ಗಂಡನ ಪ್ರಯೋಗಾಲಯದಲ್ಲಿ ಉತ್ತರ ಹುಡುಕುವ ಕೆಲಸ ಹೀಗೆ ಶುರುವಾಯಿತು. ಅಮೀರ್ ಲೆವಿನ್ ಮುಂದಾಳಾಗಿ ಮಾಡಿದ ಈ ಅಧ್ಯಯನದಲ್ಲಿ ಇಬ್ಬರ ಹೆಸರೂ ಇದೆ.

ಡೋಪಮಿನ್ ಏನು ಕಲಿಸುತ್ತದೆ

ಡೋಪಮಿನ್ ಅಂದರೆ ಖುಷಿಯ ರಾಸಾಯನಿಕ ಎಂಬ ಮಾತು ಈಗ ವಾಟ್ಸ್‌ಆಪ್‌ನಲ್ಲೂ ಓಡಾಡುತ್ತದೆ. ಅದು ಅರ್ಧ ಸತ್ಯ. ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಡೋಪಮಿನ್ ನರಕೋಶಗಳ ಮಿಡಿತ ಕೇಳುತ್ತಾ ಕೂತಾಗ ಬೇರೆಯೇ ಕಥೆ ಹೊರಬಿತ್ತು. ಕೋತಿಗೆ ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕರೆ ಆ ಕೋಶಗಳು ಜೋರಾಗಿ ಮಿಡಿಯುತ್ತವೆ. ರಸಕ್ಕೆ ಮುಂಚೆ ಪ್ರತಿ ಸಲ ದೀಪ ಹತ್ತುತ್ತಿದ್ದರೆ, ಕೆಲವು ಸಲದ ನಂತರ ದೀಪಕ್ಕೇ ಮಿಡಿಯುತ್ತವೆ. ರಸ ಬಂದಾಗ ಸುಮ್ಮನಿರುತ್ತವೆ. ದೀಪ ಹತ್ತಿಯೂ ರಸ ಬರದಿದ್ದರೆ ಆ ಹೊತ್ತಿಗೆ ಮಿಡಿತ ಕುಸಿಯುತ್ತದೆ. ಅಂದರೆ ಈ ಕೋಶಗಳು ಹೇಳುವುದು, ಅಂದುಕೊಂಡದ್ದಕ್ಕೂ ಸಿಕ್ಕಿದ್ದಕ್ಕೂ ಎಷ್ಟು ಅಂತರ ಎಂದು. ಶುಲ್ಟ್ಸ್, ಪೀಟರ್ ದಯಾನ್ ಮತ್ತು ರೀಡ್ ಮಾಂಟೆಗ್ಯೂ 1997ರಲ್ಲಿ ಇದನ್ನು ಗಣಿತದ ಭಾಷೆಯಲ್ಲಿ ಬರೆದರು. ಅಂತರ ಇದ್ದಾಗ ಕಲಿಕೆ ನಡೆಯುತ್ತದೆ. ಅಂತರ ಮುಗಿದರೆ ಕಲಿಯಲು ಹೊಸದೇನೂ ಉಳಿಯುವುದಿಲ್ಲ.

ಕೊಕೇನ್ ಈ ಲೆಕ್ಕಾಚಾರವನ್ನೇ ಕೆಡಿಸುತ್ತದೆ. ಹೊರಗೆ ಸುರಿದ ಡೋಪಮಿನ್ನನ್ನು ಕೋಶ ವಾಪಸ್ ಎಳೆದುಕೊಳ್ಳುವ ಸಾಗಣೆ ಪ್ರೋಟೀನಿಗೆ ಅದು ಅಡ್ಡ ನಿಲ್ಲುತ್ತದೆ. ಹೀಗಾಗಿ ಅಂದುಕೊಂಡಷ್ಟೇ ಸಿಕ್ಕರೂ ಡೋಪಮಿನ್ ಏರುತ್ತದೆ. ಇದು ನಿರೀಕ್ಷೆಗಿಂತ ಚೆನ್ನಾಗಿತ್ತು ಎಂಬ ಸಂದೇಶ ಪ್ರತಿ ಸಲ ಹೋಗುತ್ತದೆ. ನಿಕೋಟಿನ್ ಬೇರೆ ಕಡೆಯಿಂದ ಬರುತ್ತದೆ. ಡೋಪಮಿನ್ ಕೋಶಗಳ ಮೇಲೆ ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ಸಂದೇಶವಾಹಕಕ್ಕೆಂದು ಇರುವ ಗ್ರಾಹಕಗಳಿಗೆ ಅಂಟಿಕೊಂಡು ಅವನ್ನು ಮಿಡಿಸುತ್ತದೆ. ಎರಡೂ ಕೊನೆಗೆ ಮುಟ್ಟುವುದು ಮೆದುಳಿನ ಆಳದ ನ್ಯೂಕ್ಲಿಯಸ್ ಅಕಂಬೆನ್ಸ್ ಎಂಬ ಪುಟ್ಟ ಭಾಗವನ್ನು.

ಇಷ್ಟನ್ನೇ ನೋಡಿದರೆ, ಎರಡೂ ಸೇರಿದರೆ ಡೋಪಮಿನ್ ಜಾಸ್ತಿ, ಅದಕ್ಕೇ ಪರಿಣಾಮವೂ ಜಾಸ್ತಿ ಅನ್ನಿಸಬಹುದು, ಅಲ್ವಾ? ಹಾಗಿದ್ದಿದ್ದರೆ ಕ್ರಮ ಬದಲಿಸಿದಾಗಲೂ ಮೊತ್ತ ಅಷ್ಟೇ ಬರಬೇಕಿತ್ತು. ಬರಲಿಲ್ಲ. ಕಾರಣವನ್ನು ಕೋಶದ ಒಳಗೇ ಹುಡುಕಬೇಕಾಯಿತು.

ನೆನಪನ್ನು ಅಳೆದದ್ದು ಹೇಗೆ

ಒಳಗೆ ಹೋಗುವ ಮುಂಚೆ ಅಳತೆಯ ಬಗ್ಗೆ ಒಂದು ಮಾತು. ಓಡಾಟ ಜಾಸ್ತಿಯಾಯಿತು ಅಂದರೆ ಕಲಿಕೆ ಜಾಸ್ತಿಯಾಯಿತು ಎಂದರ್ಥವಲ್ಲ. ಅದಕ್ಕೇ ತಂಡ ಇನ್ನೊಂದು ಪರೀಕ್ಷೆ ಮಾಡಿತು. ಎರಡು ಕೋಣೆಗಳಿರುವ ಒಂದು ಪೆಟ್ಟಿಗೆ. ಇಲಿಗೆ ವ್ಯತ್ಯಾಸ ತಿಳಿಯುವಂತೆ ಎರಡೂ ಕೋಣೆ ಬೇರೆ ಬೇರೆ ಥರ. ಒಂದರಲ್ಲಿ ಇಟ್ಟಾಗ ಕೊಕೇನ್, ಇನ್ನೊಂದರಲ್ಲಿ ಇಟ್ಟಾಗ ಬರೀ ಉಪ್ಪು ನೀರಿನ ಚುಚ್ಚುಮದ್ದು. ಕೆಲವು ದಿನ ಹೀಗೆ ಮಾಡಿ, ಆಮೇಲೆ ಏನನ್ನೂ ಕೊಡದೆ ಇಲಿಯನ್ನು ಬಿಡುತ್ತಾರೆ. ಅದು ತಾನಾಗಿ ಯಾವ ಕೋಣೆಯಲ್ಲಿ ಹೆಚ್ಚು ಹೊತ್ತು ಇರುತ್ತದೆ ಎಂದು ನೋಡುತ್ತಾರೆ. ಪರೀಕ್ಷೆಯ ಹೊತ್ತಿನಲ್ಲಿ ಕೊಕೇನ್ ಸಿಗುವುದಿಲ್ಲವಾದ್ದರಿಂದ ಇಲಿಯನ್ನು ಅಲ್ಲಿಗೆ ಎಳೆಯುವುದು ನೆನಪು.

ಈ ಪರೀಕ್ಷೆಯಲ್ಲಿ ನಿಕೋಟಿನ್ ಮೊದಲು ಪಡೆದ ಇಲಿಗಳ ಒಲವು ಸುಮಾರು ಮುಕ್ಕಾಲು ಪಾಲು ಹೆಚ್ಚಿತ್ತು. ನನ್ನ ಮಟ್ಟಿಗೆ ಇಡೀ ಪ್ರಕರಣದ ಜೀವಾಳ ಇದು. ಬಹಳ ದಿನ ಕುಡಿತ ಬಿಟ್ಟವರಿಗೆ ಹಳೆಯ ಬೀದಿಗೆ ಹೋದಾಗ, ಹಳೆಯ ಗೆಳೆಯರ ದನಿ ಕೇಳಿದಾಗ ಆಸೆ ಕೆರಳುತ್ತದೆ. ಅವರ ಮೆದುಳಿಗೂ ಒಂದು ಕೋಣೆಯ ನೆನಪಿದೆ.

ಅಕಂಬೆನ್ಸ್‌ನ ನರಸಂಧಿಗಳಲ್ಲೂ, ಅಂದರೆ ನರಕೋಶಗಳು ಒಂದಕ್ಕೊಂದು ಸಂದೇಶ ದಾಟಿಸುವ ಜಾಗಗಳಲ್ಲೂ, ಗುರುತು ಸಿಕ್ಕಿತು. ಇಲ್ಲಿಂದ ಹೊರಡುವ ನರಕೋಶಗಳು ಮುಂದಿನ ಭಾಗಗಳನ್ನು ತಡೆಯುವ ಜಾತಿಯವು. ಮೊದಲು ನಿಕೋಟಿನ್, ಆಮೇಲೆ ಕೊಕೇನ್ ಸಿಕ್ಕ ಇಲಿಗಳಲ್ಲಿ ಈ ಕೋಶಗಳಿಗೆ ಬರುವ ಪ್ರಚೋದನೆ ಗಟ್ಟಿಯಾಗುವ ಶಕ್ತಿ ಕುಗ್ಗಿತ್ತು. ತಡೆಯುವವರೇ ಸೊರಗಿದರೆ ತಡೆ ಸಡಿಲವಾಗುತ್ತದೆ.

ಫಾಸ್‌ಬಿ, ಹಿಸ್ಟೋನ್ ಮತ್ತು ಬಿಗಿ ಗಂಟು

ಕೊಕೇನ್‌ನಿಂದ ಡೋಪಮಿನ್ ಏರಿದಾಗ ಅಕಂಬೆನ್ಸ್‌ನ ಕೋಶದೊಳಗೆ ಸಂದೇಶಗಳ ಸರಪಳಿ ಶುರುವಾಗುತ್ತದೆ. ಕೊನೆಯಲ್ಲಿ ಅದೇ ಕ್ರೆಬ್ ಎಚ್ಚರಗೊಳ್ಳುತ್ತದೆ. ಬಸವನಹುಳು ಕಲಿಯುವಾಗ ಬಳಸಿದ ಸಲಕರಣೆಯೇ ಇಲ್ಲೂ ಕೆಲಸಕ್ಕೆ ಬರುತ್ತದೆ. ಅದು ಎಬ್ಬಿಸುವ ಜೀನ್‌ಗಳಲ್ಲಿ ಫಾಸ್‌ಬಿ ಒಂದು. ಈ ಜೀನ್‌ನಿಂದ ಡೆಲ್ಟಾ ಫಾಸ್‌ಬಿ ಎಂಬ ಮೊಟಕು ಪ್ರೋಟೀನು ಕೂಡ ತಯಾರಾಗುತ್ತದೆ. ಇಂಥ ಪ್ರೋಟೀನುಗಳು ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ಕರಗಿ ಹೋಗುತ್ತವೆ. ಡೆಲ್ಟಾ ಫಾಸ್‌ಬಿಯಲ್ಲಿ ಕೋಶದ ಕಸ ವಿಲೇವಾರಿಗೆ ಗುರುತಾಗುವ ಕೊನೆಯ ತುಂಡೇ ಇಲ್ಲ. ಹಾಗಾಗಿ ಅದು ವಾರಗಟ್ಟಲೆ ಉಳಿಯುತ್ತದೆ. ಪ್ರತಿ ಡೋಸಿಗೂ ಸ್ವಲ್ಪ ಸ್ವಲ್ಪ ಸೇರುತ್ತಾ ಹೋಗುತ್ತದೆ. ನರವಿಜ್ಞಾನಿ ಎರಿಕ್ ನೆಸ್ಲರ್ ಅವರ ತಂಡ ಇಲಿಗಳ ಮೆದುಳಿನಲ್ಲಿ ಇದನ್ನು ಬೇಕೆಂದೇ ಹೆಚ್ಚಿಸಿದಾಗ, ಇಲಿಗಳು ಕೊಕೇನ್‌ಗೆ ಇನ್ನಷ್ಟು ಸುಲಭವಾಗಿ ಸ್ಪಂದಿಸಿದವು.

ಆದರೆ ಕ್ರೆಬ್ ಬಂದಾಕ್ಷಣ ಜೀನ್ ಓದಲು ಸಿಗುವುದಿಲ್ಲ. ಒಂದು ಜೀವಕೋಶದಲ್ಲಿ ಸುಮಾರು ಎರಡು ಮೀಟರ್ ಉದ್ದದ ಡಿಎನ್‌ಎ ಇದೆ. ಅದು ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡಿರುತ್ತದೆ. ಬೀರುವಿನ ತಳದಲ್ಲಿ ಗಂಟು ಕಟ್ಟಿಟ್ಟ ಸೀರೆ ನೆನಪಿಸಿಕೊಳ್ಳಿ. ಸೀರೆ ಮನೆಯಲ್ಲೇ ಇದೆ, ಗಂಟು ಬಿಚ್ಚದೆ ಉಡಲಾಗದು. ಹಿಸ್ಟೋನಿಗೆ ಅಸಿಟೈಲ್ ಎಂಬ ಚಿಕ್ಕ ರಾಸಾಯನಿಕ ಗುಂಪು ಅಂಟಿದರೆ ಸುತ್ತು ಸಡಿಲವಾಗಿ ಜೀನ್ ಓದಲು ಸಿಗುತ್ತದೆ. ಅದನ್ನು ಅಂಟಿಸುವ ಕಿಣ್ವಗಳಿವೆ. ಕ್ರೆಬ್ ಜೊತೆಗೂಡುವ ಸಿಬಿಪಿ ಅದರಲ್ಲೊಂದು. ತೆಗೆದುಹಾಕುವ ಕಿಣ್ವಗಳೂ ಇವೆ. ಅವನ್ನು ಎಚ್‌ಡ್ಯಾಕ್ ಎನ್ನುತ್ತಾರೆ. ಲೆವಿನ್ ಇದೇ ಪ್ರಯೋಗಾಲಯದಲ್ಲಿ 2005ರಲ್ಲೇ ಒಂದು ಸುಳಿವು ಪಡೆದಿದ್ದರು. ಸಿಬಿಪಿ ಕಡಿಮೆ ಇರುವ ಇಲಿಗಳಲ್ಲಿ ಕೊಕೇನ್‌ನಿಂದ ಫಾಸ್‌ಬಿ ಅಷ್ಟಾಗಿ ಏಳುತ್ತಿರಲಿಲ್ಲ.

ಈಗ ನಿಕೋಟಿನ್ ಏನು ಮಾಡಿತು ನೋಡೋಣ. ಏಳು ದಿನ ನಿಕೋಟಿನ್ ಕುಡಿದ ಇಲಿಗಳ ಸ್ಟ್ರೈಯಾಟಮ್‌ನಲ್ಲಿ, ಅಂದರೆ ಅಕಂಬೆನ್ಸ್ ಸೇರಿದ ಭಾಗದಲ್ಲಿ, ಎಚ್‌ಡ್ಯಾಕ್‌ಗಳ ಚಟುವಟಿಕೆ ಇಳಿದಿತ್ತು. ಅಸಿಟೈಲ್ ತೆಗೆಯುವವರು ಮಂದವಾದರೆ ಅಸಿಟೈಲ್ ಉಳಿಯುತ್ತದೆ. ಎಚ್3 ಮತ್ತು ಎಚ್4 ಎಂಬ ಎರಡು ಬಗೆಯ ಹಿಸ್ಟೋನ್‌ಗಳಲ್ಲೂ ಅದು ವ್ಯಾಪಕವಾಗಿ ಏರಿತ್ತು. ಇಂಥ ಸ್ಥಿತಿಯಲ್ಲಿ ಕೊಕೇನ್ ಬಂದಾಗ ಫಾಸ್‌ಬಿ ಜೀನ್ ಬರೀ ಕೊಕೇನ್ ಸಿಕ್ಕ ಇಲಿಗಳಿಗಿಂತ ಜೋರಾಗಿ ಎದ್ದಿತು. ಕೊಕೇನ್‌ಗೆ ಈ ವ್ಯಾಪಕ ಸಡಿಲಿಕೆ ಮಾಡಲು ಬರುವುದಿಲ್ಲ. ಅದು ತನಗೆ ಸಂಬಂಧಪಟ್ಟ ಕೆಲವು ಜೀನ್‌ಗಳ ಹತ್ತಿರ ಮಾತ್ರ ಅಸಿಟೈಲ್ ಸೇರಿಸುತ್ತದೆ. ಆದ್ದರಿಂದಲೇ ಕೊಕೇನ್ ಮೊದಲಾದರೆ ನಿಕೋಟಿನ್‌ಗೆ ದಾರಿ ಹದವಾಗುವುದಿಲ್ಲ. ಕ್ರಮದ ಗುಟ್ಟು ಇಲ್ಲಿತ್ತು.

ಇಷ್ಟಕ್ಕೇ ನಿಂತಿದ್ದರೆ ಇದೊಂದು ಚಂದದ ಊಹೆಯಾಗಿ ಉಳಿಯುತ್ತಿತ್ತು. ಜೊತೆಗೆ ಕಾಣಿಸಿಕೊಂಡ ಮಾತ್ರಕ್ಕೆ ಒಂದು ಇನ್ನೊಂದರ ಕಾರಣ ಆಗಿಬಿಡುವುದಿಲ್ಲ. ಅದಕ್ಕೇ ತಂಡ ನಿಕೋಟಿನ್ನನ್ನು ಬಿಟ್ಟು, ಎಚ್‌ಡ್ಯಾಕ್‌ಗಳನ್ನು ನೇರವಾಗಿ ತಡೆಯುವ ಸಾಹಾ ಎಂಬ ಔಷಧಿ ಕೊಟ್ಟು ನೋಡಿತು. ವೊರಿನೊಸ್ಟಾಟ್ ಹೆಸರಿನಲ್ಲಿ ಇದನ್ನು ಒಂದು ಬಗೆಯ ಲಿಂಫೋಮಾ ಕ್ಯಾನ್ಸರ್‌ಗೆ ಬಳಸುತ್ತಾರೆ. ನಿಕೋಟಿನ್ ಮಾಡಿದ್ದನ್ನೇ ಅದೂ ಮಾಡಿತು. ಆಮೇಲೆ ಎದುರು ದಿಕ್ಕಿನ ಪರೀಕ್ಷೆ. ಅಸ್ತಮಾಕ್ಕೆ ಕೊಡುವ ಥಿಯೋಫಿಲಿನ್ ಎಚ್‌ಡ್ಯಾಕ್ ಚಟುವಟಿಕೆಯನ್ನು ಹೆಚ್ಚಿಸುತ್ತದೆ. ಅದನ್ನು ಕೊಟ್ಟಾಗ ನಿಕೋಟಿನ್‌ನ ಪ್ರಭಾವ ತಗ್ಗಿತು. ಒಂದೇ ಮಾತಿಗೆ ಎರಡು ಕಡೆಯಿಂದ ಸಾಕ್ಷಿ. ಹಾಗಂತ ಥಿಯೋಫಿಲಿನ್ ಚಟ ಬಿಡಿಸುವ ಮದ್ದು ಎಂದು ಯಾರೂ ತಿಳಿಯಬಾರದು. ಅದರ ಸರಿಯಾದ ಪ್ರಮಾಣಕ್ಕೂ ಅಪಾಯದ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ.

ಇನ್ನೊಂದು ಸಂಗತಿ ಸುಲಭವಾಗಿ ಕಣ್ತಪ್ಪುತ್ತದೆ. ಕೊಕೇನ್ ಕೊಡುವ ಹೊತ್ತಿನಲ್ಲೂ ನಿಕೋಟಿನ್ ಇರಬೇಕಿತ್ತು. ಯಾವಾಗಲೋ ಕುಡಿದು ಬಿಟ್ಟ ನಿಕೋಟಿನ್ ಈ ಕೆಲಸ ಮಾಡಲಿಲ್ಲ. ಇದು ಒಳ್ಳೆಯ ಸುದ್ದಿ.

ಮನುಷ್ಯರಿಗೆ ಎಷ್ಟು ಹೊಂದುತ್ತದೆ

ಅದೇ ಅಧ್ಯಯನದಲ್ಲಿ ಡೆನಿಸ್ ಕ್ಯಾಂಡೆಲ್ ಅಮೆರಿಕದ ದೊಡ್ಡ ರಾಷ್ಟ್ರೀಯ ಸಮೀಕ್ಷೆಯೊಂದರ ಅಂಕಿಗಳನ್ನು ಜೋಡಿಸಿದರು. ಸಿಗರೇಟು ಶುರುಮಾಡಿದ ಮೇಲೆ ಕೊಕೇನ್‌ಗೆ ಬಂದವರಲ್ಲಿ ಶೇ 20.2 ಜನ ಕೊಕೇನ್‌ಗೆ ದಾಸರಾಗಿದ್ದರು. ಕೊಕೇನ್ ಮೊದಲು, ಸಿಗರೇಟು ಆಮೇಲೆ ಎಂಬವರಲ್ಲಿ ಶೇ 6.3. ಇಲಿಗಳ ಕಥೆಗೆ ಇದು ಹೊಂದುತ್ತದೆ. ಆದರೆ ಇಲಿಗಳನ್ನು ಗುಂಪುಗಳಾಗಿ ಹಂಚಿದ್ದರು. ಮನುಷ್ಯರು ತಾವೇ ಗುಂಪುಗಳಾಗಿ ಬಂದವರು. ಅವರ ಬಾಲ್ಯ, ಬಡತನ, ಹುಟ್ಟಿನಿಂದ ಬಂದ ಜೀನ್‌ಗಳು, ಗೆಳೆಯರು ಎಲ್ಲ ಬೇರೆ ಬೇರೆ.

ವಿರೋಧದ ಮಾತೂ ತೂಕದ್ದೇ. ಎಲ್ಲ ಚಟಗಳಿಗೂ ಒಂದೇ ಬೇರು ಇರುತ್ತದೆ, ಕ್ರಮ ಬರೀ ಯಾವುದು ಕೈಗೆ ಸಿಗುತ್ತದೆ ಎಂಬುದರ ಫಲ ಎಂದು ಹಲವು ಸಂಶೋಧಕರು ವಾದಿಸುತ್ತಾರೆ. 2010ರಲ್ಲಿ 17 ದೇಶಗಳ ಸಮೀಕ್ಷೆಗಳನ್ನು ಹೋಲಿಸಿದಾಗ ಈ ಕ್ರಮ ದೇಶದಿಂದ ದೇಶಕ್ಕೆ ಬದಲಾಗುವುದು ಕಂಡಿತು. ಜಪಾನ್ ಮತ್ತು ನೈಜೀರಿಯಾದಲ್ಲಿ ಮೆಟ್ಟಿಲು ತಪ್ಪಿಸಿದವರು ಜಾಸ್ತಿ ಇದ್ದರು. ಅಮೆರಿಕದ ಹದಿಹರೆಯದವರಲ್ಲಿ ಸಿಗರೇಟು ಬಹಳ ಇಳಿದ ಮೇಲೂ ಗಾಂಜಾ ಅದೇ ವೇಗದಲ್ಲಿ ಇಳಿಯಲಿಲ್ಲ.

ನನಗೆ ಈ ಎರಡು ವಾದಗಳು ಒಂದನ್ನೊಂದು ಅಳಿಸುತ್ತವೆ ಅನ್ನಿಸುವುದಿಲ್ಲ. ಯಾರು ಕೊಕೇನ್ ಹತ್ತಿರ ಹೋಗುತ್ತಾರೆ ಎಂಬುದನ್ನು ಇಲಿಯ ಪ್ರಯೋಗ ಹೇಳುವುದೇ ಇಲ್ಲ. ಇಲಿಗೆ ಆಯ್ಕೆಯೇ ಇರಲಿಲ್ಲ. ಹೋದವರ ಮೆದುಳಿನಲ್ಲಿ ಅದು ಎಷ್ಟು ಗಟ್ಟಿಯಾಗಿ ಕೂರುತ್ತದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಸಿಗರೇಟು ಸೇದುವವರೆಲ್ಲ ಮುಂದೆ ಹೋಗುತ್ತಾರೆ ಎಂದು ಈ ಅಧ್ಯಯನದ ಹೆಸರಲ್ಲಿ ಮಕ್ಕಳನ್ನು ಹೆದರಿಸುವುದು ತಪ್ಪು. ಬಹುಪಾಲು ಜನ ಹೋಗುವುದಿಲ್ಲ.

ಮುಂದಿನ ಕೆಲಸಗಳು ವಿಷಯವನ್ನು ಇನ್ನೂ ಸ್ಪಷ್ಟ ಮಾಡಿದವು. 2017ರಲ್ಲಿ ಇದೇ ಬಳಗ ಮದ್ಯದ ಮೇಲೆ ಪ್ರಯೋಗ ಪ್ರಕಟಿಸಿತು. ಈ ಸಲ ದೊಡ್ಡ ಜಾತಿಯ ಇಲಿಗಳು, ಸನ್ನೆಕೋಲು ಒತ್ತಿ ಕೊಕೇನ್ ತಾವೇ ಪಡೆಯುವಂಥವು. ಮುಂಚೆ ಮದ್ಯ ಕುಡಿದ ಇಲಿಗಳು, ಕಾಲಿಗೆ ವಿದ್ಯುತ್ ತಗುಲಿದರೂ ಸನ್ನೆಕೋಲು ಒತ್ತುವುದನ್ನು ಅಷ್ಟು ಸುಲಭವಾಗಿ ಬಿಡಲಿಲ್ಲ. ಅವುಗಳ ಅಕಂಬೆನ್ಸ್‌ನಲ್ಲಿ ಎಚ್‌ಡ್ಯಾಕ್ 4 ಮತ್ತು 5 ಎಂಬ ಎರಡು ಕಿಣ್ವಗಳೇ ಒಡೆದು ಕಡಿಮೆಯಾಗಿದ್ದವು. ಇಲ್ಲೂ ಕ್ರಮ ತಿರುಗಿಸಿದರೆ ಪರಿಣಾಮವಿಲ್ಲ.

ಇದಕ್ಕೆ ಎದುರಾಗಿ ಕಾಣುವ ಇನ್ನೊಂದು ಪ್ರಯೋಗ 2010ರದ್ದು. ಕ್ಯಾಲಿಫೋರ್ನಿಯಾದ ಒಂದು ತಂಡ ಕೊಕೇನ್ ಕೋಣೆಯನ್ನು ಕಲಿತ ಇಲಿಗಳನ್ನು ಅದೇ ಕೋಣೆಯಲ್ಲಿ ಕೊಕೇನ್ ಇಲ್ಲದೆ ಇಟ್ಟಿತು. ಆ ಹೊತ್ತಿಗೆ ಎಚ್‌ಡ್ಯಾಕ್ ತಡೆಯುವ ಸೋಡಿಯಂ ಬ್ಯುಟಿರೇಟ್ ಕೊಟ್ಟಿತು. ಇಲಿಗಳು ಕೋಣೆಯ ಸೆಳೆತವನ್ನು ಬೇಗ ಕಳೆದುಕೊಂಡವು. ಮೊದಲಿನ ಪ್ರಯೋಗದಲ್ಲಿ ಚಟ ಗಟ್ಟಿಯಾಯಿತು, ಇಲ್ಲಿ ಸಡಿಲವಾಯಿತು. ಗೊಂದಲ ಅನ್ನಿಸಿದರೂ ವಿಷಯ ಒಂದೇ. ಹಿಸ್ಟೋನ್ ಸಡಿಲವಾದಾಗ ಆ ಹೊತ್ತಿಗೆ ನಡೆಯುವ ಕಲಿಕೆ ಬಲವಾಗುತ್ತದೆ, ಅದು ಯಾವ ಕಲಿಕೆಯಾದರೂ ಸರಿ. ಇಲ್ಲಿ ಇನ್ನು ಏನೂ ಸಿಗುವುದಿಲ್ಲ ಎಂಬುದೂ ಇಲಿಗೆ ಒಂದು ಹೊಸ ಪಾಠವೇ.

ನಮ್ಮ ಕಡೆಗೆ

ಕರ್ನಾಟಕದಲ್ಲಿ ಕೊಕೇನ್‌ಗಿಂತ ತಂಬಾಕು ಎಷ್ಟೋ ಪಾಲು ಜಾಸ್ತಿ ಜನರನ್ನು ಮುಟ್ಟುತ್ತದೆ. 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ರಾಜ್ಯದ ವಯಸ್ಕರಲ್ಲಿ ಶೇ 22.8 ಜನ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಸೇದುವವರಿಗಿಂತ ಜಗಿಯುವವರೇ ಜಾಸ್ತಿ. ಸೇದುವುದಿಲ್ಲ, ಎಲೆ ಅಡಿಕೆ ಜೊತೆ ಸ್ವಲ್ಪ ಹಾಕ್ತೀನಿ ಅಷ್ಟೇ ಎನ್ನುವವರು ನಮ್ಮ ಮನೆಗಳಲ್ಲೇ ಇದ್ದಾರೆ. ಕೊಲಂಬಿಯಾದ ಇಲಿಗಳೂ ಸೇದಲಿಲ್ಲ. ಹೊಗೆಯೇ ಇಲ್ಲದೆ, ನೀರಿನಲ್ಲಿ ಬಂದ ನಿಕೋಟಿನ್ ಅದು. ಕ್ಯಾಂಡೆಲ್ ದಂಪತಿ 2014ರಲ್ಲಿ ಇ-ಸಿಗರೇಟಿನ ಬಗ್ಗೆ ಎಚ್ಚರಿಸಿದ್ದೂ ಇದೇ ಕಾರಣಕ್ಕೆ. ಹೊಗೆ ಹೋದರೂ ನಿಕೋಟಿನ್ ಉಳಿಯುತ್ತದೆ. ಭಾರತ ಇ-ಸಿಗರೇಟನ್ನು 2019ರಲ್ಲಿ ನಿಷೇಧಿಸಿತು. ಕರ್ನಾಟಕ ಕಾನೂನಿಗೆ ತಿದ್ದುಪಡಿ ತಂದು ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದೆ. ಯಾವುದು ಮೊದಲು, ಯಾವ ವಯಸ್ಸಿನಲ್ಲಿ ಎಂಬುದು ಮುಖ್ಯವಾದರೆ ಈ ಮೂರು ವರ್ಷ ಸಣ್ಣದಲ್ಲ.

ಚಿಕಿತ್ಸೆಯ ವಿಷಯದಲ್ಲಿ ನನಗೆ ಒಂದು ತಕರಾರಿದೆ. ವ್ಯಸನಮುಕ್ತಿ ಕೇಂದ್ರಗಳಿಗೆ ಕುಡಿತ ಬಿಡಲು ಬಂದವರಿಗೆ, ಬೀಡಿ ಸಿಗರೇಟು ಇರಲಿ ಬಿಡು, ಒಂದೊಂದಾಗಿ ನೋಡೋಣ ಎನ್ನುವ ಅಭ್ಯಾಸ ಜಗತ್ತಿನ ಹಲವು ಕಡೆ ಬಹಳ ಕಾಲದಿಂದ ಇದೆ. ರೋಗಿಯ ಮೇಲೆ ಕರುಣೆಯಿಂದ ಹುಟ್ಟಿದ ಅಭ್ಯಾಸ ಅದು. ಆದರೆ 2004ರಲ್ಲಿ ಹಲವು ಚಿಕಿತ್ಸಾ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ತಂಬಾಕು ಬಿಡುವುದಕ್ಕೂ ಜೊತೆಯಲ್ಲೇ ನೆರವು ಪಡೆದವರು ಮದ್ಯ ಮತ್ತು ಇತರ ಮಾದಕ ವಸ್ತುಗಳಿಂದ ಬಹುಕಾಲ ದೂರವಿರುವ ಸಾಧ್ಯತೆ ಶೇ 25ರಷ್ಟು ಹೆಚ್ಚಿತ್ತು. ನಿಕೋಟಿನ್ ಆ ಹೊತ್ತಿಗೆ ಮೈಯಲ್ಲಿ ಇದ್ದರೆ ಮಾತ್ರ ಇಲಿಗಳಲ್ಲಿ ಪರಿಣಾಮ ಕಂಡದ್ದು ನೆನಪಿರಲಿ. ಅದೇ ಕಾರಣಕ್ಕೆ ಮನುಷ್ಯರಲ್ಲೂ ಹೀಗಾಗುತ್ತದೆ ಎಂದು ಈ ಅಂಕಿ ಸಾಬೀತು ಮಾಡುವುದಿಲ್ಲ. ಆದರೂ ಬಿಡುವ ನಿರ್ಧಾರ ಮಾಡಿ ಬಂದವರ ಜೇಬಿನಲ್ಲಿ ಬೀಡಿ ಕಟ್ಟು ಉಳಿಸಲು ಇನ್ನು ಕಾರಣ ಉಳಿದಿಲ್ಲ. ತಂಬಾಕು ಬಿಡಲು ನೆರವು ಬೇಕಾದವರು ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರವಿದೆ, ಕನ್ನಡದಲ್ಲೇ ಮಾತಾಡಬಹುದು.